ಸಂಶೋಧನಾ ನಿಯಮಾವಳಿ ಮತ್ತು ಕ್ಷೇತ್ರಕಾರ್ಯದ ಕಾಲ: ರಾಯಚೂರು ಸೀಮೆಯನ್ನು ಕುರಿತು

ಪಿಎಚ್.ಡಿ. ಮಹಾಪ್ರಬಂಧವನ್ನು ಪದವಿಯ ಸಾಧನವೆಂದಷ್ಟೇ ಕಾಣದೆ ಒಂದು ಬರಹದ ಪ್ರಕಾರವೆಂದು ಪರಿಗಣಿಸಿದರೆ, ಅದರ ಸ್ವರೂಪವನ್ನು ರೂಪಿಸುವುದರಲ್ಲಿ ಸಂಶೋಧಕನಷ್ಟೇ ಪಾಲು ನಿಯಮಾವಳಿಗೂ ಇರುವುದು ಕಂಡುಬರುತ್ತದೆ. ಈ ಮಾತನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ಸಾಹಿತ್ಯ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಿಗೆ ಸೇರಿದ್ದ ಈ ಜಿಲ್ಲೆಗೆ ಉನ್ನತ ಶಿಕ್ಷಣವೆಂದರೆ ಉಸ್ಮಾನಿಯಾ. ಅಲ್ಲಿಯ ಬೋಧನಾ ಮಾಧ್ಯಮ ಬಹುಕಾಲ ಉರ್ದು. ಆನಂತರ ಧಾರವಾಡ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ. 2021ರಲ್ಲಿ ಕಾರ್ಯಾರಂಭ ಮಾಡಿ, ಮುಂದೆ ಮಹರ್ಷಿ ವಾಲ್ಮೀಕಿಯವರ ಹೆಸರು ಪಡೆದ ವಿಶ್ವವಿದ್ಯಾಲಯದಿಂದ ಪದವಿಯ ಅಂಗಳವೇನೋ ಮನೆಯ ಹತ್ತಿರಕ್ಕೆ ಬಂತು. ನಿಯಮ ಮಾತ್ರ ದೂರದಲ್ಲಿಯೇ ಸಿದ್ಧವಾಗುತ್ತದೆ.

ಸಾಮಗ್ರಿಯ ವಿಚಾರದಲ್ಲಿ ಈ ಸೀಮೆ ಬಡದಲ್ಲ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹಾಡಿನಲ್ಲಿ ಉಳಿದ ಈ ಸಾಹಿತ್ಯದಲ್ಲಿ ಪಾಠಾಂತರಗಳು ಸಹಜ. ಆದರೆ ದಾಸರನ್ನು ಕುರಿತ ಅಧ್ಯಯನಗಳು ಕವಿ, ಕಾಲ, ಕೃತಿ, ಭಕ್ತಿ, ಸಾಮಾಜಿಕ ಚಿಂತನೆ ಎಂಬ ಅಧ್ಯಾಯಕ್ರಮಕ್ಕೆ ಮತ್ತೆ ಮತ್ತೆ ಮರಳುತ್ತವೆ. ಅಚ್ಚಾದ ಪಾಠವನ್ನು ಒಪ್ಪಿಕೊಂಡು ಆಶಯವನ್ನು ವರ್ಗೀಕರಿಸುವುದು ಅವಧಿಯೊಳಗೆ ಮುಗಿಯುವ ಕೆಲಸ. ಪಾಠವನ್ನೇ ನಿರ್ಣಯಿಸುವುದು ಹಾಗಲ್ಲ. ಇದೇ ಜಿಲ್ಲೆಯ ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ದಾಸರ ಪದಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸಿದ್ದು ವಿಶ್ವವಿದ್ಯಾಲಯದ ಹೊರಗೆ ಎಂಬುದು ಇಲ್ಲಿ ಗಮನಾರ್ಹ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷಗಳ ಅವಧಿಯನ್ನು ಗೊತ್ತುಪಡಿಸಿವೆ. ಮಹಿಳೆಯರಿಗೆ ಇನ್ನೂ 2 ವರ್ಷಗಳ ವಿನಾಯಿತಿಗೆ ಅವಕಾಶವಿದೆ. ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಬೇಕೆಂಬ ಹಿಂದಿನ ಕಡ್ಡಾಯವನ್ನು ಕೈಬಿಟ್ಟದ್ದು ಸ್ವಾಗತಾರ್ಹ. ಹಣ ಕೊಟ್ಟು ಅಚ್ಚು ಹಾಕಿಸುವ ಪತ್ರಿಕೆಗಳ ಹಾವಳಿಯನ್ನು ಬಲ್ಲವರಿಗೆ ವಿವರಣೆ ಬೇಡ. ಆದರೆ ಪ್ರತಿ ಸೆಮಿಸ್ಟರಿನಲ್ಲಿಯೂ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕೆಂಬ ನಿಯಮದ ಹಿಂದೆ ಪ್ರಯೋಗಾಲಯದ ಕಾಲಗಣನೆಯಿದೆ. ದೇವದುರ್ಗದ ಹಳ್ಳಿಗಳಲ್ಲಿ ಮೊಹರಂ ಪದಗಳನ್ನು ಸಂಗ್ರಹಿಸುವವನಿಗೆ ಸಂದರ್ಭ ಒದಗುವುದು ಚಾಂದ್ರಮಾನ ವರ್ಷಕ್ಕೊಮ್ಮೆ. ಆ ದಿನಗಳು ವರ್ಷವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿದು, ಒಮ್ಮೆ ಪರೀಕ್ಷೆಗೆ, ಒಮ್ಮೆ ಬಿತ್ತನೆಗೆ ಎದುರಾಗುತ್ತವೆ. ಕನಿಷ್ಠ ಅವಧಿಯಲ್ಲಿ ಮೂರೇ ಮೊಹರಂ, ವರದಿಗಳು ಆರು. ಉಳಿದ ಮೂರು ವರದಿಗಳಲ್ಲಿ ಏನು ಬರೆಯಬೇಕು? ಗ್ರಂಥಾಲಯದ ಪುಸ್ತಕಗಳಿಂದ ಅವನ್ನು ತುಂಬಿಸುವುದು ಅನಿವಾರ್ಯವಾಗುತ್ತದೆ. ಕ್ರಮೇಣ ಪ್ರಬಂಧವೂ ಅತ್ತಲೇ ವಾಲುತ್ತದೆ.

ಕೃತಿಚೌರ್ಯ ತಡೆಗೆ ಸಂಬಂಧಿಸಿದ 2018ರ ನಿಯಮ ಇನ್ನೊಂದು ನಿದರ್ಶನ. ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಸಾಮಾನ್ಯ ಜ್ಞಾನ ಅಥವಾ ಆಕಸ್ಮಿಕ ಹೋಲಿಕೆ ಎನ್ನಬಹುದಾದಲ್ಲಿ ಒಂದೇ ಸಮನೆ ಬರುವ 14 ಪದಗಳವರೆಗೆ ಎಣಿಕೆಯೂ ಇಲ್ಲ. ಇಂಗ್ಲಿಷಿನಲ್ಲಿ 14 ಪದಗಳೆಂದರೆ ಹಲವೊಮ್ಮೆ ಅರ್ಧ ವಾಕ್ಯ. ವಿಭಕ್ತಿ, ಅವ್ಯಯ, ಸಮಾಸಗಳು ಪದದೊಳಗೇ ಸೇರಿಕೊಳ್ಳುವ ಕನ್ನಡದಲ್ಲಿ ಅಷ್ಟರೊಳಗೆ ಒಂದು ವಾದವೇ ಮುಗಿಯಬಲ್ಲದು. ಹರಿಕಥಾಮೃತಸಾರದಂಥ ಭಾಮಿನಿ ಷಟ್ಪದಿಯ ಅರ್ಧ ಪದ್ಯವೂ ಸಾಮಾನ್ಯವಾಗಿ ಆ ಮಿತಿಯೊಳಗೇ ಬರುತ್ತದೆ. ಒಂದೇ ಅಳತೆಗೋಲು ಎರಡು ಭಾಷೆಗಳಲ್ಲಿ ಎರಡು ತೂಕ ಕೊಡುತ್ತಿದ್ದರೂ ಕನ್ನಡ ವಿಭಾಗಗಳಲ್ಲಿ ಇದು ಚರ್ಚೆಗೆ ಬಂದದ್ದು ವಿರಳ.

ಆಯೋಗದ ನಿಯಮಗಳು ಕನಿಷ್ಠ ಮಾನದಂಡಗಳಷ್ಟೇ. ಅವುಗಳ ಮಿತಿಯೊಳಗೆ ತನ್ನದೇ ವಿನಿಯಮ ರೂಪಿಸಿಕೊಳ್ಳುವ ಅವಕಾಶ ವಿಶ್ವವಿದ್ಯಾಲಯಕ್ಕಿದೆ. ರಾಯಚೂರಿನ ಕನ್ನಡ ಅಧ್ಯಯನ ಮಂಡಳಿಯು ಪಾಠಾಂತರಸಹಿತ ಗ್ರಂಥ ಸಂಪಾದನೆಯನ್ನು ಪೂರ್ಣ ಮಹಾಪ್ರಬಂಧವೆಂದು ಮಾನ್ಯ ಮಾಡಬಹುದು. ಹಾಡುಗಾರರ ಧ್ವನಿಮುದ್ರಣ, ಊರು ಮತ್ತು ದಿನಾಂಕಗಳ ವಿವರವನ್ನೇ ಪ್ರಗತಿ ವರದಿಯೆಂದು ಸ್ವೀಕರಿಸಬಹುದು. ಆ ಮುದ್ರಣದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೂ, ಇನ್ನೊಂದನ್ನು ಹಾಡಿದ ಊರಿಗೂ ಕೊಡುವಂತೆ ವಿಧಿಸಬಹುದು.