ಜೇಬಿನೊಳಗಿನ ಕೋರ್ಟು

ಕಾನೂನು ಸುಧಾರಣೆ ಅಂದ್ರೆ ನಮ್ಮ ಆಫೀಸುಗಳಲ್ಲಿ ಒಂದೇ ಅರ್ಥ: ಎಲ್ಲಾ ಬೇಗ ಮುಗೀಬೇಕು. ವಿಶ್ವಬ್ಯಾಂಕಿನ 'ಡೂಯಿಂಗ್ ಬಿಸಿನೆಸ್' ಪಟ್ಟಿ ನೆನಪಿರಬಹುದು. 2020ರ ಆವೃತ್ತಿಯಲ್ಲಿ ಭಾರತ 63ನೇ ಸ್ಥಾನಕ್ಕೆ ಏರಿದಾಗ ಎಷ್ಟೋ ಜನ ಸ್ಟೇಟಸ್ ಹಾಕಿ ಸಂಭ್ರಮಿಸಿದ್ರು. 'ಒಪ್ಪಂದ ಜಾರಿ' ಅನ್ನೋ ವಿಭಾಗದಲ್ಲಿ ಮಾತ್ರ ನಾವು 163ರಲ್ಲಿದ್ವಿ. ಆ ಅಂಕ ಹೇಗೆ ಕೊಡ್ತಿದ್ರು ಗೊತ್ತಾ? ಎರಡು ಕಂಪನಿಗಳ ನಡುವೆ ಒಂದು ಕಾಲ್ಪನಿಕ ವ್ಯಾಜ್ಯ, ಮುಂಬೈ ಮತ್ತು ದಿಲ್ಲಿಯ ಕೋರ್ಟು, ಎಷ್ಟು ದಿನ ಹಿಡಿಯುತ್ತೆ, ಎಷ್ಟು ಖರ್ಚಾಗುತ್ತೆ. 2021ರಲ್ಲಿ, ಅಂಕಿಅಂಶಗಳಲ್ಲಿ ಅಕ್ರಮ ಕಂಡ ಮೇಲೆ, ವಿಶ್ವಬ್ಯಾಂಕೇ ಆ ಪಟ್ಟಿಯನ್ನು ನಿಲ್ಲಿಸಿತು. ಪಟ್ಟಿ ಹೋಯ್ತು, ಅದು ಕಲಿಸಿದ ನೋಟ ಮಾತ್ರ ಹೋಗಿಲ್ಲ. ಆ ನೋಟಕ್ಕೆ ಬೀದರ್ ಜಿಲ್ಲೆಯ ಬೇಮಳಖೇಡದಂಥ ಊರು ಕಾಣೋದೇ ಇಲ್ಲ.

ನನ್ನ ಕಾಕಾ ಇರೋದು ಅಲ್ಲೇ. ಟ್ರ್ಯಾಕ್ಟರಿಗೆ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ತಗೊಂಡಿದ್ರು. ಎರಡು ವರ್ಷ ತೊಗರಿ ಕೈಕೊಟ್ಟಿತು, ಕಂತು ತಪ್ಪಿತು, ಅವರು ಬಂದು ಟ್ರ್ಯಾಕ್ಟರ್ ಎಳ್ಕೊಂಡು ಹೋದ್ರು. ಆಮೇಲೊಂದು ದಿನ ಕಾಕಾ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಪುಟದ ಇಂಗ್ಲಿಷ್ ನೋಟಿಸ್ ಕಳಿಸಿ ಫೋನ್ ಮಾಡಿದ್ರು.

"ಇದ್ರಾಗ ಏನ್ ಬರ್ದಾರ ನೋಡಪಾ."

ಬರೆದಿದ್ದು ಇಷ್ಟು: ನಿಮ್ಮ ವ್ಯಾಜ್ಯವನ್ನು ಆರ್ಬಿಟ್ರೇಟರ್ ಒಬ್ಬರಿಗೆ ಒಪ್ಪಿಸಿದ್ದೇವೆ, ವಿಚಾರಣೆ ಇಂಥ ದಿನ, ಇಂಥ ಮಹಾನಗರದಲ್ಲಿ. ಆ ಮಹಾನಗರ ಇರೋದು ಬೇರೆ ರಾಜ್ಯದಲ್ಲಿ. ಆರ್ಬಿಟ್ರೇಟರನ್ನು ನೇಮಿಸಿದ್ದೂ ಕಂಪನಿಯೇ.

"ಇದಕ್ಕ ನೀವು ಒಪ್ಪಿ ಸಹಿ ಮಾಡೀರಂತ, ಕಾಕಾ."

"ಟ್ರ್ಯಾಕ್ಟರ್ ತಗೊಂಡ ದಿನ ಇಪ್ಪತ್ತು ಕಡೀ ಸಹಿ ಮಾಡಿಸ್ಕೊಂಡ್ರು. ಯಾವುದು ಅಂತ ಹೇಳ್ಲಿ?"

ಬಾಕಿ ಇದ್ದದ್ದು ನಿಜ, ಕಾಕಾನೂ ಇಲ್ಲ ಅಂತಿಲ್ಲ. ಅವರ ತಕರಾರು ಒಂದೇ. ಎಳ್ಕೊಂಡು ಹೋದ ಟ್ರ್ಯಾಕ್ಟರನ್ನು ಎಷ್ಟಕ್ಕೆ ಮಾರಿದ್ರಿ, ಅದನ್ನು ಬಾಕಿಯಲ್ಲಿ ಕಳೆದಿದ್ದೀರಾ? ನ್ಯಾಯವಾದ ಪ್ರಶ್ನೆ. ಕೇಳಬೇಕಾದ ಜಾಗ ಮಾತ್ರ ನೂರಾರು ಕಿಲೋಮೀಟರ್ ದೂರದಲ್ಲಿತ್ತು.

ಈ ಆರ್ಬಿಟ್ರೇಷನ್ ಅನ್ನೋದು ಬಂದಿದ್ದು ಸುಧಾರಣೆಯ ಹೆಸರಲ್ಲೇ. ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗ 1985ರಲ್ಲಿ ಒಂದು ಮಾದರಿ ಕಾಯ್ದೆ ತಯಾರಿಸಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಮಾರುಕಟ್ಟೆಗೆ ತಕ್ಕ ಕಾನೂನು ಹುಡುಕುತ್ತಿದ್ದ ರಷ್ಯಾ 1993ರಲ್ಲಿ, ಉಕ್ರೇನ್ 1994ರಲ್ಲಿ ಅಂತರರಾಷ್ಟ್ರೀಯ ವ್ಯಾಜ್ಯಗಳಿಗೆ ಅದನ್ನೇ ಅನುಸರಿಸಿದವು. ಉದಾರೀಕರಣಕ್ಕೆ ತೆರೆದುಕೊಂಡ ನಾವು 1996ರಲ್ಲಿ ಅದೇ ಮಾದರಿಯ ಮೇಲೆ ಕಾಯ್ದೆ ಮಾಡಿ, ದೇಶದೊಳಗಿನ ಜಗಳಗಳಿಗೂ ಅನ್ವಯಿಸಿದ್ವಿ. ಸರಿಸಮಾನರಾದ ಎರಡು ಕಂಪನಿಗಳು ಕೋರ್ಟಿನ ಹೊರಗೆ ಜಗಳ ಮುಗಿಸಿಕೊಳ್ಳಲಿ ಅಂತ ಯೋಚಿಸಿದ ಕಾನೂನು ಅದು. ಒಂದು ಕಡೆ ಕಂಪನಿ, ಇನ್ನೊಂದು ಕಡೆ ನಮ್ಮ ಕಾಕಾ ನಿಂತರೆ ಏನಾಗುತ್ತೆ ಅಂತ ಅಲ್ಲಿ ಯೋಚನೆ ಇಲ್ಲ.

ರಷ್ಯಾದಲ್ಲಿ ಏನಾಯ್ತು ಅಂತ ನೋಡಿದ್ರೆ ಇದು ಅರ್ಥವಾಗುತ್ತೆ. ಅಲ್ಲಿ ದೇಶದೊಳಗಿನ ವ್ಯಾಜ್ಯಗಳಿಗೆ ಅಂತ 2002ರಲ್ಲಿ ಬೇರೆ ಕಾಯ್ದೆ ಬಂತು. ಖಾಸಗಿ ಪಂಚಾಯ್ತಿ ಕೋರ್ಟು ತೆರೆಯೋದು ಸಲೀಸಾಯ್ತು. ದೊಡ್ಡ ಬ್ಯಾಂಕು, ಕಂಪನಿಗಳ ನೆರಳಲ್ಲೇ ಅಂಥ ಕೋರ್ಟುಗಳು ಹುಟ್ಟಿಕೊಂಡವು. ಸಾಲ ಕೊಟ್ಟವರ ಕೋರ್ಟಿನಲ್ಲೇ ಸಾಲ ತಗೊಂಡವರ ವಿಚಾರಣೆ! ಜನ ಅವಕ್ಕೆ 'ಜೇಬಿನ ಕೋರ್ಟು' ಅಂತ ಹೆಸರಿಟ್ರು. ಕೊನೆಗೆ 2015ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂತು, 2016ರ ಸೆಪ್ಟೆಂಬರ್ 1ರಿಂದ ಜಾರಿಯಾಯ್ತು. ಇಂಥ ಕಾಯಂ ಸಂಸ್ಥೆ ನಡೆಸೋಕೆ ಸರ್ಕಾರದ ಅನುಮತಿ ಬೇಕಾಯ್ತು, ಉಳಿದುಕೊಂಡಿದ್ದು ಬೆರಳೆಣಿಕೆಯಷ್ಟು. ಇದನ್ನು ಹೊಗಳಿ ಸುಮ್ಮನಾಗೋ ಹಾಗಿಲ್ಲ, ಯಾಕಂದ್ರೆ ಕಂಪನಿಯ ಜೇಬಿನಿಂದ ತೆಗೆದದ್ದು ಸರ್ಕಾರದ ಜೇಬಿಗೆ ಹೋಯ್ತು ಅನ್ನೋ ಟೀಕೆಯೂ ಇದೆ. ಆದರೆ ರೋಗ ಇದೆ ಅಂತ ಒಪ್ಪಿಕೊಂಡು ಅದಕ್ಕೊಂದು ಹೆಸರಾದರೂ ಇಟ್ರಲ್ಲ.

ನಮ್ಮಲ್ಲೂ ತಿದ್ದುಪಡಿ ಆಗಿಲ್ಲ ಅಂತಲ್ಲ. ಒಂದು ಪಕ್ಷದ ನೌಕರನೋ ಸಲಹೆಗಾರನೋ ಆರ್ಬಿಟ್ರೇಟರ್ ಆಗಬಾರದು ಅಂತ 2015ರ ತಿದ್ದುಪಡಿ ಹೇಳಿತು. ತೀರ್ಪಿನಲ್ಲಿ ಹಿತಾಸಕ್ತಿ ಇರೋರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತಿಲ್ಲ ಅಂತ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಂದ್ರೆ ಕಾಕಾಗೆ ಬಂದ ನೋಟಿಸಿನ ಬುಡವೇ ಅಲ್ಲಾಡುತ್ತಿತ್ತು. ಹಾಗಂತ ಅವರಿಗೆ ಹೇಳೋರು ಯಾರು? ನೋಟಿಸಿನಲ್ಲಂತೂ ಬರೆದಿರಲಿಲ್ಲ.

ಇನ್ನು ಅಸಲು ಕತೆ ಕೇಳಿ. ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಬೇಕಾದ್ರೆ ಮೂರು ತಿಂಗಳ ಗಡುವು, ಸಕಾರಣ ಇದ್ರೆ ಮೇಲೆ ಮೂವತ್ತು ದಿನ, ಅದರಾಚೆ ಇಲ್ಲ. ಅರ್ಜಿ ಹಾಕಬೇಕಾದ್ದು ಆರ್ಬಿಟ್ರೇಷನ್ನಿನ ನೆಲೆ ಅಂತ ಒಪ್ಪಂದದಲ್ಲಿ ಬರೆದಿರೋ ಊರಿನ ಕೋರ್ಟಿನಲ್ಲಿ. ಅದೇ ತೀರ್ಪನ್ನು ಜಾರಿ ಮಾಡಿಸಬೇಕಾದ್ರೆ? ಸಾಲಗಾರನ ಆಸ್ತಿ ಇರೋ ಕಡೆಯ ಕೋರ್ಟಿಗೆ ಕಂಪನಿ ನೇರವಾಗಿ ಬರಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂದ್ರೆ ಹೊಲ ಜಪ್ತಿ ಮಾಡಿಸೋಕೆ ಅವರು ಬೀದರ್ ಜಿಲ್ಲೆಗೇ ಬರ್ತಾರೆ. 'ಇದು ತಪ್ಪು' ಅನ್ನೋಕೆ ಕಾಕಾ ಬೇರೆ ರಾಜ್ಯಕ್ಕೆ ಹೋಗಬೇಕು. ಎರಡೂ ನಿಯಮ ಬಿಡಿಬಿಡಿಯಾಗಿ ನೋಡಿದ್ರೆ ತರ್ಕಬದ್ಧವೇ. ಒಟ್ಟಿಗೆ ಇಟ್ಟು ನೋಡಿ. ವಸೂಲಿ ಮಾಡೋರಿಗೆ ಕಾನೂನು ಮನೆ ಬಾಗಿಲಿಗೆ ಬಂದಿದೆ, ಉತ್ತರ ಕೊಡೋರಿಗೆ ಬಂದಿಲ್ಲ.

'ಕೋರ್ಟಿಗೆ ಹೋದ್ರೆ ಹತ್ತು ವರ್ಷ, ಸಾಲ ಕೊಟ್ಟೋರು ಏನ್ಮಾಡ್ಬೇಕು?' ಅಂತ ಫೈನಾನ್ಸ್‌ನಲ್ಲಿರೋ ಗೆಳೆಯರು ಕೇಳ್ತಾರೆ. ಒಪ್ಪೋಣ. ಆದರೆ ಬೇಗ ಮುಗೀಬೇಕು ಅಂದ್ರೆ ದೂರವೇ ಇರಬೇಕು ಅಂತ ಎಲ್ಲಿದೆ? ಬೀದರ್‌ನಲ್ಲಿ ಕೂತು ಕನ್ನಡದಲ್ಲಿ ಎರಡೇ ತಿಂಗಳಲ್ಲಿ ವಿಚಾರಣೆ ಮುಗಿಸಿದ್ರೆ ಯಾರು ಬೇಡ ಅಂತಾರೆ?

ಹತ್ತಿರದ ಕಾನೂನು ನಮಗೆ ಹೊಸದೂ ಅಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದ್ದು ತಮ್ಮ ತಾಲ್ಲೂಕಿನ ಭೂನ್ಯಾಯಮಂಡಳಿಗೆ. ಅಲ್ಲಿ ವಕೀಲರು ಬರೋಹಾಗಿಲ್ಲ ಅಂತ ಕಾಯ್ದೆಯೇ ಹೇಳಿತ್ತು. ಅದರಲ್ಲೂ ಹುಳುಕಿತ್ತು. ಮಂಡಳಿಯ ತೀರ್ಮಾನವನ್ನು ಯಾರಾದ್ರೂ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ರೆ ಬೀದರ್‌ನ ಗೇಣಿದಾರ ಬೆಂಗಳೂರಿಗೇ ಓಡಬೇಕಿತ್ತು. ಕಲಬುರಗಿಗೆ ಹೈಕೋರ್ಟಿನ ಪೀಠ ಬಂದಿದ್ದು 2008ರಲ್ಲಿ, ಕಾಯಂ ಆಗಿದ್ದು 2013ರಲ್ಲಿ. ಆದ್ರೂ ಮೊದಲ ಮೆಟ್ಟಿಲನ್ನು ಹಳ್ಳಿಯವನ ಕಾಲಿಗೆ ಎಟಕುವಷ್ಟು ಕೆಳಗಿಡಬಹುದು ಅಂತ ಆಗ ತೋರಿಸಿದ್ವಿ. ಉಕ್ರೇನ್ ಕೂಡ 2011ರಲ್ಲಿ ಉಚಿತ ಕಾನೂನು ನೆರವಿನ ಕಾಯ್ದೆ ಮಾಡಿ, 2015ರ ನಂತರ ಸಿವಿಲ್ ವಿಷಯಗಳಿಗೂ ವಿಸ್ತರಿಸಿತು. ವಸೂಲಿಯನ್ನು ಚುರುಕು ಮಾಡೋದಷ್ಟೇ ಸುಧಾರಣೆಯಲ್ಲ ಅಂತ ಅವರಿಗೂ ಅರ್ಥವಾಗಿತ್ತು.

ಈಗಿರೋ ಕಾನೂನಿನಲ್ಲೇ ಸಣ್ಣ ಸಣ್ಣ ಬಾಗಿಲುಗಳಿವೆ, ಊರಿನೋರಿಗೆ ಹೇಳಿ. ಸಾಲಗಾರರಿಗೆ ಕಳಿಸೋ ಪತ್ರ ಸ್ಥಳೀಯ ಭಾಷೆಯಲ್ಲಿ ಅಥವಾ ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು ಅಂತ ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ಸಂಹಿತೆ ಇದೆ. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ತಗೊಂಡಿದ್ದಾದ್ರೆ ರೈತನೂ ಗ್ರಾಹಕನೇ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ತಾನು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಆರ್ಬಿಟ್ರೇಷನ್ ಷರತ್ತು ಅದಕ್ಕೆ ಅಡ್ಡ ಬರಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ, ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100. ನಾವು ಕಾಕಾನ ಕಾಗದಗಳನ್ನು ಹಿಡಿದು ಹೋಗಿದ್ದೂ ಬೀದರ್‌ನ ಗ್ರಾಹಕ ಆಯೋಗಕ್ಕೇ.

ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರು ಲೀಗಲ್ ಟೀಮಿನಲ್ಲಿದ್ದೀರಿ, ಕೆಲವರು ಸಾಲದ ಆ್ಯಪ್ ಕಟ್ತೀರಿ. ಒಪ್ಪಂದದ ಹಳೇ ಟೆಂಪ್ಲೇಟಿನಲ್ಲಿ ಆರ್ಬಿಟ್ರೇಷನ್ ನಡೆಯೋ ಊರಿನ ಜಾಗದಲ್ಲಿ ನಿಮ್ಮ ಹೆಡ್ ಆಫೀಸಿನ ಊರು ತಾನಾಗಿ ಬಂದು ಕೂತಿರುತ್ತೆ. ಮುಂದಿನ ಸಲ ಅದನ್ನು ಅಳಿಸಿ 'ಸಾಲಗಾರರ ಜಿಲ್ಲೆ' ಅಂತ ಬರೀರಿ. ಮ್ಯಾನೇಜರ್ ಯಾಕೆ ಅಂತ ಕೇಳ್ತಾರೆ. ಕೇಳ್ಲಿ, ಆ ಚರ್ಚೆ ನಿಮ್ಮ ಮೀಟಿಂಗ್ ರೂಮಿನಲ್ಲೇ ಶುರುವಾಗಲಿ.