ಅವಧಾನ ಮತ್ತು ಅನುಮತಿ: ಒಂದು ಗ್ರಂಥವಿಮರ್ಶೆ

ಶ್ರೀ ನಂದನ ನಿಲೇಕಣಿಯವರು ಶ್ರೀ ತನುಜ ಭೋಜವಾನಿಯವರೊಡಗೂಡಿ ರಚಿಸಿದ ‘ದಿ ಆರ್ಟ್ ಆಫ್ ಬಿಟ್‌ಫುಲ್‌ನೆಸ್’ ಎಂಬ ಇಂಗ್ಲಿಷ್ ಗ್ರಂಥವು 2022ನೆಯ ಇಸವಿಯಲ್ಲಿ ಪ್ರಕಟವಾಯಿತು. ಅದನ್ನು ಕುರಿತು ಈ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆಯುವದಕ್ಕೆ ಎರಡು ಕಾರಣಗಳುಂಟು. ಗ್ರಂಥಕರ್ತರ ಮನೆತನದ ಮೂಲವು ನಮ್ಮ ಶಿರಸಿ. ನಿಲೇಕಣಿ ಎಂಬ ಹೆಸರು ಇಲ್ಲಿಯವರ ಬಾಯಲ್ಲಿ ನಿತ್ಯ ಬರತಕ್ಕದ್ದು. ಇದು ಅಭಿಮಾನದ ಕಾರಣ. ಅಭಿಮಾನವು ವಿಮರ್ಶೆಗೆ ಸಾಧನವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುವೆನು. ಎರಡನೆಯ ಕಾರಣವು ವಿಷಯದ ಗೌರವ. ಮೊಬೈಲಿನ ಯಂತ್ರವು ಮನುಷ್ಯನ ಚಿತ್ತವನ್ನೂ ಅವನ ಗುಟ್ಟನ್ನೂ ಹೇಗೆ ಹಿಡಿದಿದೆ, ಅದರಿಂದ ಬಿಡಿಸಿಕೊಳ್ಳುವದು ಹೇಗೆ ಎಂಬದು ಇದರ ಪ್ರತಿಪಾದ್ಯ. ಇಂಥ ವಿಷಯದಲ್ಲಿ ಇನ್ಫೋಸಿಸ್ ಕಂಪನಿಯ ಸ್ಥಾಪಕರಲ್ಲೊಬ್ಬರೂ ಆಧಾರ್ ಯೋಜನೆಯ ಸ್ಥಪತಿಗಳೂ ಆದವರು ಬಾಯಿ ತೆರೆದರೆ ಕೇಳತಕ್ಕದ್ದೇ ಸರಿ.

ಗ್ರಂಥದ ಹೆಸರು ಹೊಸದಾಗಿ ಟಂಕಿಸಿದ ನಾಣ್ಯ. ಗಣಕಯಂತ್ರವು ಎಣಿಸುವ ಅತ್ಯಂತ ಸಣ್ಣ ಅಂಶಕ್ಕೆ ‘ಬಿಟ್’ ಎನ್ನುವರು. ಅದಕ್ಕೆ, ಮನಸ್ಸಿನ ಎಚ್ಚರವನ್ನು ಸೂಚಿಸುವ ಇಂಗ್ಲಿಷ್ ಪದವೊಂದರ ಬಾಲವನ್ನು ಜೋಡಿಸಿದ್ದಾರೆ. ನಮ್ಮಲ್ಲಿ ಇದಕ್ಕೆ ‘ಅವಧಾನ’ ಎಂಬ ಒಂದೇ ಪದ ಸಾಕು. ಅಷ್ಟಾವಧಾನದ ಸಭೆಯನ್ನು ಕಂಡ ವಾಚಕರು ಬಲ್ಲರು: ಪೃಚ್ಛಕರಲ್ಲಿ ಒಬ್ಬನಿಗೆ ಅಪ್ರಸ್ತುತ ಪ್ರಸಂಗವೇ ಉದ್ಯೋಗ. ಅವಧಾನಿಯು ಸಮಸ್ಯೆಯ ಮೂರನೆಯ ಪಾದವನ್ನು ಕೂಡಿಸುತ್ತಿರುವಾಗ ಇವನು ನಡುವೆ ಬಾಯಿ ಹಾಕಿ ಅಡುಗೆಯ ಮಾತನ್ನೋ ಅಳಿಯನ ಮಾತನ್ನೋ ಎತ್ತುವನು. ಆದರೆ ಸಭೆಯಲ್ಲಿ ಅಂಥವನು ಒಬ್ಬನೇ. ಅವನಿಗೂ ಒಂದು ಹೊತ್ತುಗೊತ್ತು ಉಂಟು. ಅವಧಾನಿಯು ಅವನನ್ನು ಒಪ್ಪಿಯೇ ಪೀಠವನ್ನೇರಿರುವನು. ಮೊಬೈಲಿನಲ್ಲಿಯಾದರೋ ಅಡ್ಡಮಾತಿಗೇ ಸಂಬಳ. ಗೂಗಲ್, ಫೇಸ್‌ಬುಕ್ ಕಂಪನಿಗಳ ಆದಾಯದ ಬಹುಪಾಲು ಜಾಹೀರಾತಿನಿಂದ ಬರತಕ್ಕದ್ದು. ನಮ್ಮ ಕಣ್ಣು ಪರದೆಯ ಮೇಲೆ ನಿಂತಷ್ಟು ಹೊತ್ತು ಅವರಿಗೆ ಲಾಭ. ಕಣ್ಣು ತೋಟದ ಕಡೆಗೆ ತಿರುಗಿದರೆ ನಷ್ಟ.

ಈ ವ್ಯಾಪಾರದ ಮರ್ಮವನ್ನು ಗ್ರಂಥಕರ್ತರು ಸುಸ್ಪಷ್ಟವಾಗಿ ಬಿಡಿಸಿದ್ದಾರೆ, ಮತ್ತು ಕೇವಲ ಮನೋಬಲವನ್ನು ನಂಬಿ ಕುಳಿತವನು ಸೋಲುವನೆಂಬ ಅವರ ಅಭಿಪ್ರಾಯವು ನನಗೂ ಸಮ್ಮತ. ಉರುಳಿಸಿದಷ್ಟೂ ಮುಗಿಯದ ಪುಟವನ್ನು ಏಜಾ ರಾಸ್ಕಿನ್ ಎಂಬ ಅಮೇರಿಕದ ವಿನ್ಯಾಸಕಾರನು 2006ರಲ್ಲಿ ರೂಪಿಸಿದನು. ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟನು. ತಾಳೆಗರಿಯ ಕಟ್ಟಿಗೆ ಕೊನೆಯ ಗರಿಯೊಂದು ಇತ್ತು. ಅಲ್ಲಿ ಓದುಗನು ತಲೆಯೆತ್ತುತ್ತಿದ್ದನು. ಆ ತಲೆಯೆತ್ತುವ ಕ್ಷಣವನ್ನೇ ಅಪಹರಿಸಿದ ಬಳಿಕ ಓದುಗನಿಗೆ ಸಂಯಮದ ಉಪದೇಶ ಮಾಡಿ ಫಲವೇನು? ಆದ್ದರಿಂದ ಗ್ರಂಥಕರ್ತರು ಪರಿಸರವನ್ನೇ ಅಣಿಗೊಳಿಸಲು ಹೇಳುತ್ತಾರೆ. ಸೃಷ್ಟಿಸುವ ಕೆಲಸ, ಆರಿಸಿ ಓದುವ ಕೆಲಸ, ಸಂಭಾಷಿಸುವ ಕೆಲಸ ಎಂದು ಮೂರು ಮಾಡಿ, ಇವುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ, ಅದಾಗದಿದ್ದರೆ ಒಂದೇ ಯಂತ್ರದ ಬೇರೆ ಬೇರೆ ಕೋಣೆಗಳಲ್ಲಿ ಇರಿಸಬೇಕೆಂಬದು ಅವರ ಮುಖ್ಯ ಸೂಚನೆ. ಅಡುಗೆಮನೆ, ಜಗಲಿ, ದೇವರ ಕೋಣೆ ಎಂದು ಬೇರ್ಪಡಿಸಿ ಮನೆ ಕಟ್ಟಿದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಇನ್ನು ಆಕ್ಷೇಪ. ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳು ಬೇಕೆಂದು ಪಾಠಶಾಲೆಯ ಮೊದಲ ವರ್ಷದಲ್ಲಿಯೇ ಕಲಿಯುತ್ತೇವೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದಲ್ಲಿ ಮೊದಲಿನ ಮೂರು ಸ್ಪಷ್ಟ. ಅಧಿಕಾರಿ ಯಾರು? ತನಗೆಂದೇ ಒಂದಲ್ಲ ಎರಡು ಮೂರು ಯಂತ್ರಗಳುಳ್ಳವನು, ಪ್ರತಿಯೊಂದರ ಒಳಗುಟ್ಟನ್ನು ತಿರುಗಿಸಿ ಹೊಂದಿಸಬಲ್ಲವನು, ಇಂಗ್ಲಿಷ್ ಓದಬಲ್ಲವನು, ಪತ್ರಕ್ಕೆ ತಡವಾಗಿ ಉತ್ತರ ಕೊಟ್ಟರೂ ಕೆಲಸ ಕಳೆದುಕೊಳ್ಳದವನು. ಬೆಂಗಳೂರಿನಲ್ಲಿ ಇಂಥವರು ಬಹಳ ಮಂದಿ ಇರಬಹುದು, ಅವರಿಗೆ ಇದು ಹಿತೋಪದೇಶವೇ. ಆದರೆ ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮನೆಗಳಲ್ಲಿ ಒಂದು ಮೊಬೈಲು ನಾಲ್ವರದು. 2020–21ರಲ್ಲಿ ಸಾಲೆಗಳು ಮುಚ್ಚಿದ್ದಾಗ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಅಂಥ ಮೊಬೈಲಿನಲ್ಲಿ ಅಜ್ಜನ ಪಿಂಚಣಿಯ ಸಂದೇಶ, ಸೊಸೆಯ ಔಷಧಿಯ ಚೀಟಿ, ಅಡಿಕೆಯ ಧಾರಣೆ, ಮೊಮ್ಮಗನ ಪಾಠ ಎಲ್ಲ ಒಂದೇ ಕೋಣೆಯಲ್ಲಿ ಮಲಗಿರುವವು. ಇಲ್ಲಿ ಏಕಾಂತವು ಒಬ್ಬನ ಹವ್ಯಾಸವಲ್ಲ, ಮನೆಯ ಮರ್ಯಾದೆ. ಸೊಸೆಯ ಕಾಯಿಲೆಯನ್ನು ಯಂತ್ರವು ಜಾಹೀರಾತಿನ ರೂಪದಲ್ಲಿ ಮಾವನಿಗೆ ತೋರಿಸಿದರೆ, ಯಾರು ಯಾವ ಗುಂಡಿಯನ್ನು ಹೊಂದಿಸಬೇಕಿತ್ತು?

ಗುಂಡಿಯ ಮಾತು ಬಂದಿತು. ವ್ಯಾಕರಣವನ್ನು ಓದಿದವನಿಗೆ ಲಾಘವದಲ್ಲಿ ಪ್ರೀತಿ ಹೆಚ್ಚು. ಯಂತ್ರದ ಸೌಕರ್ಯವೆಂದು ಈಗಿನವರು ಹೇಳುವದೂ ಲಾಘವವೇ. ಆದರೆ ಪಾಣಿನಿಯ ಲಾಘವವು ಕಲಿಯುವವನಿಗಾಗಿ ಇತ್ತು. ಕಂಪನಿಗಳ ಲಾಘವವು ಒಂದೇ ಕಡೆಗೆ ವಾಲಿದೆ. ‘ಒಪ್ಪಿದೆ’ ಎಂಬದು ದೊಡ್ಡ ಅಕ್ಷರದಲ್ಲಿ, ಬಣ್ಣದಲ್ಲಿ, ಹೆಬ್ಬೆರಳಿನ ಕೆಳಗೇ ಇರುವದು. ‘ಬೇಡ’ ಎಂಬದಕ್ಕೆ ಐದು ಪುಟಗಳ ಒಳಗೆ ಸುತ್ತಿ ಬರಬೇಕು, ಅದೂ ಬಹುಶಃ ಇಂಗ್ಲಿಷಿನಲ್ಲಿ. ಕರಾರಿನ ಭಾಷೆಯು ಸಹಿ ಮಾಡುವವನಿಗೆ ತಿಳಿಯದಿದ್ದರೆ ಹಳೆಯ ಕಾಲದ ಸಾಹುಕಾರನೂ ಒಬ್ಬ ಓದುಬರಹ ಬಲ್ಲವನನ್ನು ಸಾಕ್ಷಿಗೆ ಕೂಡಿಸುತ್ತಿದ್ದನು. ಗ್ರಂಥಕರ್ತರು ಉತ್ತರಾರ್ಧದಲ್ಲಿ ವ್ಯಕ್ತಿಯಿಂದ ಸಮಾಜಕ್ಕೆ ಬಂದು, ತನ್ನ ಮಾಹಿತಿಯ ಮೇಲೆ ಜನರಿಗೆ ಹಿಡಿತ ದೊರೆಯಬೇಕೆನ್ನುತ್ತಾರೆ. ಆಶಯವು ಒಳ್ಳೆಯದು. ಆದರೆ ಈ ಹಿಡಿತವು ಅನುಮತಿಯ ಮೇಲೆ ನಿಂತಿದೆ, ಮತ್ತು ಅನುಮತಿಗೆ ಅರ್ಥ ಬರುವದು ನಿರಾಕರಣೆ ಸಾಧ್ಯವಿದ್ದಲ್ಲಿ ಮಾತ್ರ.

ಈ ಅಳತೆಗೋಲಿನಿಂದ ಗ್ರಂಥಕರ್ತರ ಮಹಾಕೃತಿಯಾದ ಆಧಾರ್ ಅನ್ನೇ ಅಳೆಯುವದು ಅನ್ಯಾಯವಾಗದು. ಅವರು 2009ರಿಂದ 2014ರ ವರೆಗೆ ಆ ಪ್ರಾಧಿಕಾರದ ಅಧ್ಯಕ್ಷರಾಗಿದ್ದರು. ಹನ್ನೆರಡು ಅಂಕಿ, ಹತ್ತು ಬೆರಳು, ಎರಡು ಕಣ್ಣಿನ ಪಾಪೆ. 130 ಕೋಟಿಗೂ ಹೆಚ್ಚು ಜನರಿಗೆ ಇದು ತಲುಪಿದೆ. ಕಾಗದಪತ್ರವಿಲ್ಲದ ಬಡವನಿಗೆ ‘ನಾನು ನಾನೇ’ ಎಂದು ತೋರಿಸಿಕೊಳ್ಳುವದಕ್ಕೆ ಒಂದು ದಾರಿಯಾಯಿತೆಂಬ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಮೊದಲ ಏಳು ವರ್ಷ ಇದಕ್ಕೆ ಕಾಯಿದೆಯ ಬೆಂಬಲವೇ ಇರಲಿಲ್ಲ. ಕಾಯಿದೆ ಬಂದದ್ದು 2016ರಲ್ಲಿ. ಈ ಕೊರತೆಯನ್ನು ಎತ್ತಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಶ್ರೀ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ ಏಕಾಂತವು ಮೂಲಭೂತ ಹಕ್ಕೆಂದು ತೀರ್ಪಿತ್ತರು. 2018ರ ಸಪ್ಟೆಂಬರ್ 26ರ ತೀರ್ಪಿನಲ್ಲಿ ಬಹುಮತವು ಯೋಜನೆಯನ್ನು ಎತ್ತಿಹಿಡಿಯಿತಾದರೂ, ಸಾಲೆಯ ಪ್ರವೇಶಕ್ಕೂ ಬ್ಯಾಂಕಿನ ಖಾತೆಗೂ ಮೊಬೈಲಿನ ಸಂಖ್ಯೆಗೂ ಅದನ್ನು ಕಡ್ಡಾಯ ಮಾಡಕೂಡದೆಂದಿತು. ಒಬ್ಬ ಕನ್ನಡಿಗನು ಕಟ್ಟಿದನು. ಇನ್ನೊಬ್ಬ ಕನ್ನಡಿಗನು ಅದಕ್ಕೆ ಬಾಗಿಲು ಬೇಕೆಂದನು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಕಾಲವಾದರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕೆಂದು ಮಾಸ್ತರನಾದ ನನ್ನ ಆಸೆ.

ಬಾಗಿಲು ಇದ್ದರೂ ಅದು ಕಾಣುವಂತೆ ಇದೆಯೇ ಎಂಬದು ಬೇರೆಯ ಪ್ರಶ್ನೆ. ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವುಂಟು. 2018ರಿಂದ ಮೂಲ ಅಂಕಿಯ ಬದಲು ಹದಿನಾರು ಅಂಕಿಗಳ ತಾತ್ಕಾಲಿಕ ಸಂಖ್ಯೆಯನ್ನು ಕೊಡುವ ಅನುಕೂಲವೂ ಉಂಟು. ಆದರೂ ಜನರು ಕಾರ್ಡಿನ ಝೆರಾಕ್ಸ್ ಪ್ರತಿಯನ್ನು ವಸತಿಗೃಹಕ್ಕೂ ಸಿಮ್ ಅಂಗಡಿಗೂ ಹಂಚುತ್ತಲೇ ಇರುವರು. ಈ ಗ್ರಂಥವು ಬಂದ 2022ರಲ್ಲಿಯೇ, ಮೇ 27ರಂದು, ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಹಾಗೆ ಹಂಚಬೇಡಿರೆಂದು ಎಚ್ಚರಿಕೆ ಕೊಟ್ಟಿತು; ಎರಡು ದಿನಗಳಲ್ಲಿ ಸರಕಾರವು, ತಪ್ಪು ತಿಳಿವಳಿಕೆಗೆ ಎಡೆಯಾದೀತೆಂದು ಅದನ್ನು ಹಿಂತೆಗೆದುಕೊಂಡು, ಸಾಮಾನ್ಯ ಜಾಗರೂಕತೆಯಿಂದಿದ್ದರೆ ಸಾಕೆಂದಿತು. ಸಾಮಾನ್ಯ ಜಾಗರೂಕತೆ ಎಂದರೇನೆಂದು ವಿವರಿಸಲು ಒಂದು ಭಾಷ್ಯವೇ ಬೇಕಾದೀತು. ನಮ್ಮ ಕಡೆಯ ರೇಶನ್ ಅಂಗಡಿಯೊಂದರಲ್ಲಿ ನಾನು ಕಂಡದ್ದು ಇಷ್ಟು: ವರ್ಷವಿಡೀ ಅಡಿಕೆ ಸುಲಿದು ಚೊಗರಿನಿಂದ ಕಪ್ಪಾಗಿ ರೇಖೆ ಸವೆದ ಬೆರಳನ್ನು ಮುದುಕಿಯೊಬ್ಬಳು ಗಾಜಿನ ಮೇಲೆ ಐದು ಸಲ ಒತ್ತಿದಳು. ಯಂತ್ರವು ಐದೂ ಸಲ ಅವಳನ್ನು ಅವಳಲ್ಲವೆಂದಿತು. “ಸೀರೆಗೆ ಒರೆಸಿ ಮತ್ತೊಂದ್ ಸಲ ಒತ್ತಾ ಅಜ್ಜಿ” ಎಂದನು ಅಂಗಡಿಯವನು. ಅವಳು ಒರೆಸಿ ಒತ್ತಿದಳು. ಬೇಡವೆನ್ನುವ ಆಯ್ಕೆಯು ಅವಳ ಮುಂದೆ ಇರಲಿಲ್ಲ, ಬೇಡವೆಂದರೆ ಅಕ್ಕಿಯಿಲ್ಲ.

ಗ್ರಂಥಕರ್ತರ ಲೇಖನಿಯು ಸರಳವಾದದ್ದು, ವಾದವು ಸೌಜನ್ಯದ್ದು. ಕಂಪನಿಗಳ ವಿಷಯದಲ್ಲಿ ಅವರು ತೋರಿಸಿದ ಕಟುತ್ವವನ್ನು ಸರಕಾರದ ಯಂತ್ರಗಳ ವಿಷಯದಲ್ಲಿಯೂ ತೋರಿಸಿದ್ದರೆ ಗ್ರಂಥವು ಇಮ್ಮಡಿ ತೂಕದ್ದಾಗುತ್ತಿತ್ತು. ಕಾಲೇಜಿನ ವಿದ್ಯಾರ್ಥಿಗಳು ಪೂರ್ವಾರ್ಧವನ್ನು ಅವಶ್ಯ ಓದತಕ್ಕದ್ದು. ಉತ್ತರಾರ್ಧವನ್ನು ಓದುವವರು 2017ರ ತೀರ್ಪನ್ನು ಮಗ್ಗುಲಲ್ಲಿ ಇಟ್ಟುಕೊಳ್ಳಲಿ. ಮುಂದಿನ ಆವೃತ್ತಿಯಲ್ಲಿ ಒಂದೇ ಮೊಬೈಲಿರುವ ಮನೆಗಾಗಿ ಒಂದು ಪ್ರಕರಣವನ್ನು ಸೇರಿಸಬೇಕೆಂದು ಗ್ರಂಥಕರ್ತರಲ್ಲಿ ಪ್ರಾರ್ಥನೆ. ಸಾಮಗ್ರಿಗಾಗಿ ಅವರು ದೂರ ಹೋಗಬೇಕಾದದ್ದಿಲ್ಲ, ತಮ್ಮ ಹೆಸರಿನ ಊರಿನವರೆಗೆ ಬಂದರೆ ಸಾಕು.