ಕತ್ತರಿ ಕಟ್ಟಿನ ಕೀರ್ತಿ

ರೇಸ್ ಕಾರನ್ನು ಮುಚ್ಚಿದ ಟ್ರೇಲರಿನೊಳಗೆ ಬಿಗಿಯುವ ವಿದ್ಯೆಯಲ್ಲಿ ಕತ್ತರಿ ಕಟ್ಟಿಗೆ ಇರುವಷ್ಟು ಮರ್ಯಾದೆ ಬೇರಾವುದಕ್ಕೂ ಇಲ್ಲ. ಕಾರಿನ ಹಿಂಬದಿಯ ಎಡಗಡೆಯಿಂದ ಹೊರಟ ಪಟ್ಟಿ ಟ್ರೇಲರ್ ನೆಲದ ಬಲಗಡೆಯ ಉಂಗುರಕ್ಕೆ, ಬಲಗಡೆಯದು ಎಡಕ್ಕೆ. ಅಮೆರಿಕದ ಕ್ಲಬ್ ರೇಸಿಂಗಿಗೆ ಹೊಸದಾಗಿ ಬಂದವರು ಹೆಲ್ಮೆಟ್ ಕೊಳ್ಳುವ ಮೊದಲೇ ಯಾರಾದರೂ ಈ ಪಾಠ ಒಪ್ಪಿಸಿಬಿಟ್ಟಿರುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರವೂ ಸಿದ್ಧ: ಕಾರು ಅಡ್ಡಕ್ಕೆ ಸರಿಯುವುದಿಲ್ಲ. ನಿಜ, ಸರಿಯುವುದಿಲ್ಲ. ಅಷ್ಟಕ್ಕೇ ಒಂದು ಗುಡಿ ಕಟ್ಟಿ ಪೂಜೆ ನಡೆಸಬೇಕಿತ್ತೇ ಎನ್ನುವುದು ನನ್ನ ತಕರಾರು. ತಗ್ಗು ಕಾರಿನ ಮಟ್ಟಿಗೆ ಈ ಕೀರ್ತಿ ಉಬ್ಬಿದ್ದು. ಅದರ ನೆರಳಿನಲ್ಲಿ, ಚಕ್ರವನ್ನೇ ನೆಲಕ್ಕೆ ಬಿಗಿಯುವ ಸಾದಾ ಪದ್ಧತಿ ಮೂಲೆಗೆ ಬಿದ್ದಿದೆ.

ಮೂತಿ ರ್ಯಾಂಪಿಗೆ ತಾಗದಂತೆ ಹಲಗೆ ಇಡುವುದು, ಒಳಗೆ ಹೋದಮೇಲೆ ಬಾಗಿಲು ತೆರೆಯಲಾಗದೆ ಕಿಟಕಿಯಿಂದ ನುಸುಳಿ ಹೊರಬರುವುದು, ಕೊಕ್ಕೆಯ ಮೇಲೆ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಕೂರುವಂತೆ ಕಾರನ್ನು ಹಿಂದೆ ಮುಂದೆ ಸರಿಸುವುದು, ಇವೆಲ್ಲ ಈ ಕೆಲಸದಲ್ಲಿ ಕೈ ಕೊಳೆ ಮಾಡಿಕೊಂಡವರಿಗೆ ಗೊತ್ತು. ಜಗಳ ಇರುವುದು ಕಾರು ನಿಂತ ಮೇಲಿನ ಹತ್ತು ನಿಮಿಷದ ಬಗ್ಗೆ.

ಕತ್ತರಿ ಕಟ್ಟನ್ನು ಯಾರೇ ವಿವರಿಸಲಿ, ಕಾಗದದ ಮೇಲೆ ಒಂದು ಆಯತ ಬರೆದು, ಅದರ ಹಿಂದೆ ಎರಡು ಗೆರೆಗಳನ್ನು ಅಡ್ಡಡ್ಡ ಎಳೆಯುತ್ತಾರೆ. ಅದು ಚಾವಣಿಯಿಂದ ಕೆಳಗೆ ನೋಡಿದ ಚಿತ್ರ. ಅದೇ ಕಟ್ಟನ್ನು ಪಕ್ಕದಿಂದ ನೋಡಿ ಬರೆದವರನ್ನು ನಾನು ಕಂಡಿಲ್ಲ. ತಗ್ಗು ಕಾರಿನ ಇಡೀ ಸಮಸ್ಯೆ ಇರುವುದು ಆ ಬರೆಯದ ಚಿತ್ರದಲ್ಲಿ.

ಲೆಕ್ಕಕ್ಕೆ ಸುಲಭವಾಗುವಂತೆ ಒಂದು ಸಾವಿರ ಕಿಲೋ ತೂಗುವ ಕಾರನ್ನು ತೆಗೆದುಕೊಳ್ಳೋಣ. ರೇಸಿಗೆ ತಗ್ಗಿಸಿದ ಮಾಜ್ದಾ ಮಿಯಾಟ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಹಿಂಬದಿಯಲ್ಲಿ ಪಟ್ಟಿ ಸಿಕ್ಕಿಸುವ ಎರಡು ಜಾಗಗಳ ನಡುವೆ ಒಂದು ಮೀಟರ್, ನೆಲದ ಉಂಗುರಗಳ ನಡುವೆ 1.4 ಮೀಟರ್, ಉಂಗುರಗಳು ಕಾರಿನ ಹಿಂದೆ 90 ಸೆಂಟಿಮೀಟರ್ ದೂರದಲ್ಲಿ, ಸಿಕ್ಕಿಸುವ ಜಾಗ ನೆಲದಿಂದ 25 ಸೆಂಟಿಮೀಟರ್ ಎತ್ತರದಲ್ಲಿ ಇವೆ ಎನ್ನಿ. ಪಟ್ಟಿಯನ್ನು ನೇರವಾಗಿ ಎಳೆದರೆ, ಅದರ ಬಿಗಿತದಲ್ಲಿ ನೂರಕ್ಕೆ 94 ಪಾಲು ಕಾರನ್ನು ಹಿಂದಕ್ಕೆ ಹಿಡಿಯುತ್ತದೆ, 21 ಪಾಲು ಅಡ್ಡಕ್ಕೆ, 26 ಪಾಲು ಕೆಳಕ್ಕೆ. (ಮೂರೂ ಸೇರಿ ನೂರು ದಾಟುತ್ತದಲ್ಲ ಎಂದು ಹುಬ್ಬೇರಿಸಬೇಡಿ; ಮೂರು ದಿಕ್ಕಿನ ಬಲಗಳನ್ನು ಹಾಗೆ ಕೂಡುವಂತಿಲ್ಲ.) ಅದೇ ಪಟ್ಟಿಯನ್ನು ಕತ್ತರಿಯಾಗಿ ಕಟ್ಟಿದರೆ ಹಿಂದಕ್ಕೆ 59, ಅಡ್ಡಕ್ಕೆ 79, ಕೆಳಕ್ಕೆ ಬರೀ 16.

ಕಾರು ಅತಿ ಹೆಚ್ಚು ಬಲದಿಂದ ನುಗ್ಗುವುದು ಯಾವ ದಿಕ್ಕಿಗೆ? ಬ್ರೇಕ್ ಒತ್ತಿದಾಗ ಮುಂದಕ್ಕೆ. ಅಮೆರಿಕದ ಕೇಂದ್ರ ಸಾಗಣೆ ನಿಯಮ ಸರಕಿನ ಕಟ್ಟು ತಡೆಯಬೇಕಾದ ಬಲವನ್ನು ಹೇಳುವಾಗ ಮುಂದಕ್ಕೆ ತೂಕದ 0.8 ಪಟ್ಟು, ಹಿಂದಕ್ಕೂ ಅಡ್ಡಕ್ಕೂ 0.5 ಪಟ್ಟು ಎನ್ನುತ್ತದೆ. ನಮ್ಮ ಕಾರಿಗೆ ಮುಂದಕ್ಕೆ 800 ಕಿಲೋ. ನೇರ ಕಟ್ಟಿನಲ್ಲಿ ಒಂದೊಂದು ಹಿಂಪಟ್ಟಿಗೂ ಬೀಳುವ ಎಳೆತ ಸುಮಾರು 425 ಕಿಲೋ, ಕತ್ತರಿಯಲ್ಲಿ ಸುಮಾರು 675. ಎರಡಿಂಚಿನ ಒಳ್ಳೆಯ ಪಾಲಿಯೆಸ್ಟರ್ ಪಟ್ಟಿಯ ಕೆಲಸದ ಮಿತಿ 1,500 ಕಿಲೋದಷ್ಟು, ಹರಿಯುವ ಮಿತಿ ಅದರ ಮೂರು ಪಟ್ಟು. ಆದ್ದರಿಂದ ಎರಡು ಕಟ್ಟೂ ಕಾರನ್ನು ಹಿಡಿಯುತ್ತವೆ. ಕತ್ತರಿ ಕಟ್ಟು ಅಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಅತಿ ದೊಡ್ಡ ಬಲ ಬರುವ ದಿಕ್ಕಿನಲ್ಲಿ ಹಿಡಿತ ಬಿಟ್ಟುಕೊಟ್ಟು, ಟೈರುಗಳ ಉಜ್ಜುವಿಕೆಯೇ ಅರ್ಧಕ್ಕರ್ಧ ನೋಡಿಕೊಳ್ಳುವ ದಿಕ್ಕಿನಲ್ಲಿ ಹಿಡಿತ ಕೊಳ್ಳುತ್ತದೆ ಎನ್ನುತ್ತಿದ್ದೇನೆ. ಮೇಲಾಗಿ ಎರಡರಲ್ಲೊಂದು ಪಟ್ಟಿ ಸಡಿಲಿತು ಎನ್ನಿ. 300 ಕಿಲೋ ಬಿಗಿತದ ಇನ್ನೊಂದು ಪಟ್ಟಿ ಕಾರಿನ ಹಿಂಬದಿಯನ್ನು 235 ಕಿಲೋ ಬಲದಿಂದ ಒಂದೇ ಪಕ್ಕಕ್ಕೆ ಜಗ್ಗುತ್ತದೆ. ನೇರ ಕಟ್ಟಿನಲ್ಲಿ ಆ ಅಡ್ಡ ಜಗ್ಗು 65 ಕಿಲೋ ಮುಟ್ಟುವುದಿಲ್ಲ. ಅಡ್ಡಕ್ಕೆ ಸರಿಯದಂತೆ ಕಾಯುವವನೇ ಕೈಕೊಟ್ಟಾಗ ಅಡ್ಡಕ್ಕೆ ತಳ್ಳುವವನಾಗುತ್ತಾನೆ. ಪಟ್ಟಿಗಳು ಒಂದನ್ನೊಂದು ದಾಟುವಲ್ಲಿ ದಾರಿಯುದ್ದಕ್ಕೂ ಉಜ್ಜಿಕೊಳ್ಳುವುದು ಬೇರೆ.

ಈಗ ಆ 16 ಪಾಲಿಗೆ ಬರೋಣ. ಕತ್ತರಿ ಪಂಥದ ಎರಡನೇ ಉಪದೇಶ, ಸ್ಪ್ರಿಂಗುಗಳು ಕುಗ್ಗುವವರೆಗೆ ರ್ಯಾಚೆಟ್ ತಿರುವಿ, ಕಾರು ಟ್ರೇಲರಿನ ಜೊತೆ ಒಂದೇ ಮೈಯಾಗಬೇಕು ಎನ್ನುವುದು. ಹುಲ್ಲು ಹೇರಿದ ಬಂಡಿಗೆ ಇದು ಸರಿ: ಹಗ್ಗ ಹೊರೆಯ ನೆತ್ತಿ ಹತ್ತಿ ಇಳಿಯುತ್ತದೆ, ಎಳೆದಷ್ಟೂ ಹೊರೆ ಅಮುಕುತ್ತದೆ. ಅಂಗೈ ಎತ್ತರದಲ್ಲಿ ಹೊಟ್ಟೆ ಇರುವ ಕಾರಿಗೆ ಪಟ್ಟಿ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಓಡುತ್ತದೆ. ಕೈಯಿಂದ ರ್ಯಾಚೆಟ್ ಎಳೆದರೆ ಸಿಗುವ ಬಿಗಿತ ಕೆಲವು ನೂರು ಕಿಲೋ, 300 ಎನ್ನೋಣ. ಅದರಲ್ಲಿ ಕೆಳಕ್ಕೆ ಒತ್ತುವುದು ಕತ್ತರಿಯಲ್ಲಿ 50 ಕಿಲೋಗೂ ಕಡಿಮೆ, ನೇರ ಕಟ್ಟಿನಲ್ಲಿ 80ಕ್ಕೂ ಕಡಿಮೆ. ರೇಸಿನ ಗಡಸು ಸ್ಪ್ರಿಂಗು, ಚಕ್ರದ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಕುಗ್ಗಲು ಹತ್ತು ಕಿಲೋ ಕೇಳುತ್ತದೆ ಎಂದಿಟ್ಟುಕೊಂಡರೆ, ಬೆವರು ಸುರಿಸಿ ಗಳಿಸಿದ್ದು ಐದು ಮಿಲಿಮೀಟರ್. ಇನ್ನೂ 15 ಮಿಲಿಮೀಟರ್ ಇಳಿಸಬೇಕೆಂದರೆ ಪಟ್ಟಿಯಲ್ಲಿ ಒಟ್ಟು 1,200 ಕಿಲೋ ಬಿಗಿತ ಬೇಕು. ಅಷ್ಟನ್ನು ಕೈಯಿಂದ ತಿರುವುವ ಪೈಲ್ವಾನರು ರೇಸ್ ಬಿಟ್ಟು ಗರಡಿಗೆ ಹೋಗುವುದು ಒಳ್ಳೆಯದು. ಉಳಿದವರು ಮಾಡುತ್ತಿರುವುದು ಮುಂದಿನ ಪಟ್ಟಿಗಳಿಂದ ಮುಂದಕ್ಕೆ, ಹಿಂದಿನವುಗಳಿಂದ ಹಿಂದಕ್ಕೆ ಕಾರನ್ನು ಜಗ್ಗಾಡುವುದು. ಕಾರು ಇಳಿಯುತ್ತಿಲ್ಲ, ಎಳೆದಾಟಕ್ಕೆ ಸಿಕ್ಕಿಕೊಳ್ಳುತ್ತಿದೆ. ಪಟ್ಟಿಯ ಕುಣಿಕೆಯನ್ನು ಸಸ್ಪೆನ್ಷನ್ ತೋಳಿನ ನಡುಮಧ್ಯಕ್ಕೆ ಸುತ್ತಿದ್ದರೆ, ಉದ್ದಕ್ಕೆ ತಳ್ಳು-ಎಳೆತ ತಾಳಲೆಂದು ಮಾಡಿದ ಆ ಸಲಾಕೆ ಈಗ ಅಡ್ಡ ಬಾಗಿಸುವ ಬಲವನ್ನು ಹೊರಬೇಕು.

ಇಲ್ಲಿಗೆ ಚಕ್ರ ಕಟ್ಟುವ ನನ್ನ ಪಂಥದವರು ಚಪ್ಪಾಳೆ ತಟ್ಟುತ್ತಾರೆ. ಅವರ ಹತ್ತಿರವೂ ಒಂದು ಜಗಳ ಬಾಕಿಯಿದೆ.

ಅವರ ಮೊದಲ ವಾದ: ಕತ್ತರಿಯೋ ನೇರವೋ, ಚಕ್ರ ಬಿಟ್ಟು ಚಾಸಿಗೆ ಕಟ್ಟಿದರೆ ಗುಂಡಿ ಬಿದ್ದಾಗ ಕಾರಿನ ಮೈ ತಗ್ಗುತ್ತದೆ, ಪಟ್ಟಿ ಸಡಿಲುತ್ತದೆ, ಕೊಂಡಿ ಕಳಚುತ್ತದೆ. ಎತ್ತರದ ಗಾಡಿಗೆ, ಕಡಿದಾದ ಪಟ್ಟಿಗೆ ಇದು ಒಪ್ಪುವ ಮಾತು. ತಗ್ಗು ಕಾರಿನಲ್ಲಿ ಮೈ 25 ಮಿಲಿಮೀಟರ್ ಕುಸಿದರೂ ಕತ್ತರಿ ಪಟ್ಟಿಯ ಉದ್ದ ಕಡಿಮೆಯಾಗುವುದು ನಾಲ್ಕೇ ಮಿಲಿಮೀಟರ್. ಬಿಗಿದಾಗ ಪಾಲಿಯೆಸ್ಟರ್ ತಾನೇ ಅದಕ್ಕಿಂತ ಹೆಚ್ಚು ಹಿಗ್ಗಿರುತ್ತದೆ. ಆ ನಾಲ್ಕನ್ನು ಅದು ನುಂಗಿಕೊಳ್ಳುತ್ತದೆ. ಎದುರಾಳಿ ಕೆಳಕ್ಕೆ ಒತ್ತಲಾರ ಎಂದು ತೋರಿಸುವ ಕೋನವೇ ಅವನ ಪಟ್ಟಿ ಸಡಿಲುವುದಿಲ್ಲ ಎಂದೂ ತೋರಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ವಿಮರ್ಶೆಯಲ್ಲ, ವಕೀಲಿಕೆ.

ಎರಡನೆಯದು ಶಾಕ್ ಅಬ್ಸಾರ್ಬರಿನ ಗೋಳು. ಚಾಸಿ ಕಟ್ಟಿದರೆ ಅದರ ಸೀಲು ಒಡೆಯುತ್ತದಂತೆ. ಐದು ಮಿಲಿಮೀಟರ್ ಕುಗ್ಗಿದ್ದಕ್ಕೆ ಒಡೆಯುವ ಸೀಲು ಮೊದಲ ತಿರುವಿನಲ್ಲೇ ಒಡೆಯಬೇಕಿತ್ತು. ಇನ್ನೂ ತಮಾಷೆಯೆಂದರೆ, ಚಕ್ರ ಕಟ್ಟಿದಾಗ ಕಾರಿನ ಮೈ ಬಿಡುವಾಗಿ ಕುಣಿಯುವುದರಿಂದ ಶಾಕ್‌ಗಳಿಗೆ ದಾರಿಯುದ್ದಕ್ಕೂ ಕೆಲಸ ಹೆಚ್ಚು. ಅದು ಅವುಗಳ ಕಸುಬೇ, ಚಿಂತೆಯಿಲ್ಲ. ಆದರೆ ಈ ವಾದ ಹೂಡುವವರು ತಮ್ಮ ಕಟ್ಟನ್ನೇ ಒಮ್ಮೆ ನೋಡಿದ್ದರೆ ಸುಮ್ಮನಿರುತ್ತಿದ್ದರು. ಇವರ ಎದುರಿಗೆ, ಇಷ್ಟು ವರ್ಷ ಹೀಗೇ ಕಟ್ಟಿದ್ದೇವೆ, ಏನೂ ಆಗಿಲ್ಲ ಎನ್ನುವ ಹಳಬರ ಸಾಲು. ಏನೂ ಆಗದ್ದಕ್ಕೆ ಕಾರಣ ಪಟ್ಟಿಯೇ ಅಥವಾ ಇಷ್ಟು ವರ್ಷ ಯಾರೂ ಅವರ ಮುಂದೆ ಗಕ್ಕನೆ ಬ್ರೇಕ್ ಹಾಕದಿದ್ದದ್ದೇ ಎಂದು ಕೇಳಿದರೆ ಮುಖ ಸಣ್ಣದಾಗುತ್ತದೆ.

ಹಾಗಿದ್ದರೆ ಚಕ್ರದ ಪಕ್ಷ ನಾನು ವಹಿಸುವುದೇಕೆ? ಬಲದ ಲೆಕ್ಕಕ್ಕಲ್ಲ, ಕಣ್ಣಿನ ಲೆಕ್ಕಕ್ಕೆ.

ಪಟ್ಟಿ ನಿಜವಾಗಿ ಸಡಿಲುವುದು ಗುಂಡಿಯಿಂದ ಗುಂಡಿಗೆ ಅಲ್ಲ, ಮೊದಲ ಗಂಟೆಯಲ್ಲಿ: ರ್ಯಾಚೆಟ್ ಉರುಳೆಯ ಸುತ್ತುಗಳು ಒಂದರ ಮೇಲೊಂದು ಕೂರುತ್ತವೆ, ಕುಣಿಕೆ ತೋಳಿನ ಮೇಲೆ ಜಾರಿ ಹೊಸ ಜಾಗ ಹಿಡಿಯುತ್ತದೆ, ಕೊಂಡಿ ಉಂಗುರದೊಳಗೆ ಹೊರಳುತ್ತದೆ. ಅದಕ್ಕೇ ವ್ಯಾಪಾರಿ ಸಾಗಣೆಯ ಚಾಲಕರಿಗೆ ಅದೇ ಕೇಂದ್ರ ನಿಯಮಾವಳಿ ಮೊದಲ 80 ಕಿಲೋಮೀಟರಿನೊಳಗೆ ನಿಲ್ಲಿಸಿ ಕಟ್ಟು ನೋಡು, ಆಮೇಲೆ 240 ಕಿಲೋಮೀಟರಿಗೋ ಮೂರು ಗಂಟೆಗೋ ಒಮ್ಮೆ ನೋಡು ಎನ್ನುತ್ತದೆ. ತೆರೆದ ಟ್ರೇಲರಿನಲ್ಲಿ ಪಟ್ಟಿ ಪಟಪಟಿಸುವುದು ಕನ್ನಡಿಯಲ್ಲೇ ಕಾಣುತ್ತದೆ. ಮುಚ್ಚಿದ್ದರಲ್ಲಿ ನಾಲ್ಕು ಗೋಡೆ. ಒಳಗೆ ಹೋದರೆ, ಚಕ್ರದ ಗೂಡುಗಳ ನಡುವಿನ ಅಗಲ ಸುಮಾರು 2.1 ಮೀಟರ್, ಕಾರಿನದು 1.7, ಎರಡು ಬದಿಗೂ ಒಂದೊಂದು ಗೇಣಿನಷ್ಟು ಸಂದಿ. ಚಾಸಿಯ ಕೊಂಡಿಗಳು ಇರುವುದು ಆ ಸಂದಿಯಾಚೆ, ಮೂತಿಯ ಹಲಗೆಯ ಕೆಳಗೆ, ಹಿಂದಿನ ಡಿಫ್ಯೂಸರಿನ ಒಳಗೆ. ಹೆದ್ದಾರಿ ಬದಿಯ ಮಬ್ಬುಗತ್ತಲಲ್ಲಿ ಅಂಗಾತ ಮಲಗಿ, ಟಾರ್ಚ್ ಹಲ್ಲಲ್ಲಿ ಕಚ್ಚಿ ಅದನ್ನು ನೋಡುವವರು ಎಷ್ಟು ಜನ? ಪಟ್ಟಿಯನ್ನು ಒಮ್ಮೆ ಒದ್ದು, ಬಿಗಿಯಿದೆ ಎಂದು ಬಾಗಿಲು ಹಾಕುವವರೇ ಹೆಚ್ಚು. ಕೊಂಡಿ ಬ್ರೇಕ್ ಕೊಳವೆಯ ಮೇಲೆ ಹೊರಳಿ ಕೂತಿದ್ದರೂ ಪಟ್ಟಿ ಬಿಗಿಯಾಗಿಯೇ ಇರುತ್ತದೆ.

ಚಕ್ರದ ಕಟ್ಟಿನಲ್ಲಿ ಪಟ್ಟಿ ಟೈರಿನ ಮೇಲ್ಮೈಯನ್ನು ಅಪ್ಪಿಕೊಂಡು ಚಕ್ರದ ಮುಂದೆ ಒಂದು, ಹಿಂದೆ ಒಂದು ಜಾಗದಲ್ಲಿ ನೆಲಕ್ಕಿಳಿಯುತ್ತದೆ. ಜಾರದಂತೆ ರಬ್ಬರ್ ಗಟ್ಟಿಗಳು. ಕಾರಿನ ಮೈ ಎಷ್ಟೇ ಕುಣಿಯಲಿ, ನೆಲ ಕಚ್ಚಿದ ಟೈರು ಅಲ್ಲೇ ಇರುತ್ತದೆ. ಕೊಂಡಿ, ರ್ಯಾಚೆಟ್, ಪಟ್ಟಿಯ ಅಂಚು ಎಲ್ಲವೂ ಕಣ್ಣೆದುರು. ಸಂದಿಯಲ್ಲಿ ನಿಂತೇ ಬಗ್ಗಿ ಮುಟ್ಟಬಹುದು. ನಿಯಮಕ್ಕೂ ಇದು ಸಮ್ಮತ. ಚಕ್ರದ ಮೇಲೆ ಹಾಯುವ ಕಟ್ಟು ಅಡ್ಡ, ಉದ್ದ, ಮೇಲೆ ಮೂರು ದಿಕ್ಕಿಗೂ ತಡೆಯಬೇಕು ಎಂಬ ಷರತ್ತು ಮಾತ್ರ ಅಲ್ಲಿದೆ. ಮೂರರಲ್ಲಿ ಅಡ್ಡ ದಿಕ್ಕಿನ ಹಿಡಿತವೇ ಇದರ ದುರ್ಬಲ ಭಾಗ ಎಂದು ಒಪ್ಪುತ್ತೇನೆ. ಟೈರಿನ ಗಾಳಿ ಇಳಿದರೆ ಪಟ್ಟಿಯೂ ಇಳಿಯುತ್ತದೆ. ಸಾಗಣೆಗೆಂದೇ ಹಳೆಯ ಟೈರು ಹಾಕುವವರು ಈ ಗಾಳಿಯನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನಿಂದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಲಾರಿಯಲ್ಲಿ ಹೋಗುವ ಫಾರ್ಮುಲಾ ಕಾರುಗಳಿಗಂತೂ ಚಕ್ರ ಬಯಲಲ್ಲೇ ಇರುವುದರಿಂದ ಇದಕ್ಕಿಂತ ಸಲೀಸು ಇನ್ನೊಂದಿಲ್ಲ.

ಈ ಪದ್ಧತಿ ಮೂಲೆಗೆ ಬಿದ್ದಿರುವುದಕ್ಕೆ ಕಾರಣ ಅದರ ದೋಷಗಳಲ್ಲ, ಟ್ರೇಲರಿನ ನೆಲ. ಹೊಸ ಟ್ರೇಲರಿಗೆ ಸಾಮಾನ್ಯವಾಗಿ ನಾಲ್ಕು ಮೂಲೆಗೆ ನಾಲ್ಕು ಉಂಗುರ ಬರುತ್ತವೆ. ಅವುಗಳಿಂದ ಚಾಸಿಯನ್ನಷ್ಟೇ ಕಟ್ಟಬಹುದು. ಚಕ್ರಕ್ಕೆ ಎಂಟು ಹಿಡಿ ಬೇಕು, ಅಥವಾ ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಹಳಿ ಎರಡು ಸಾಲು ಬೇಕು, ಅದನ್ನು ಪ್ಲೈವುಡ್ಡಿಗಲ್ಲ, ಕೆಳಗಿನ ಉಕ್ಕಿನ ಅಡ್ಡತೊಲೆಗಳಿಗೆ ಬೋಲ್ಟ್ ಮಾಡಬೇಕು. ಬರೀ ಪ್ಲೈವುಡ್ಡಿಗೆ ತಿರುಪು ಹಾಕಿದ ಉಂಗುರದ ಮೇಲೆ ಕತ್ತರಿಯೋ ನೇರವೋ ಎಂದು ಜಗಳವಾಡುವುದು ಹಾಸ್ಯ.

ಫೆಂಡರ್ ಟೈರಿನ ಮೇಲೆ ಕವುಚಿಕೊಂಡು ಪಟ್ಟಿ ತೂರಲು ಸಂದಿಯೇ ಇಲ್ಲದ ಕಾರುಗಳಿವೆ. ಅವಕ್ಕೆ ಚಕ್ರದ ಕಡ್ಡಿಗಳ ನಡುವೆ ಮೆತ್ತನೆಯ ಕುಣಿಕೆ ತೂರಿಸಿ ನೋಡಬಹುದು. ಅದೂ ಆಗದಿದ್ದರೆ ಚಾಸಿಯೇ ಗತಿ. ಆಗ ಮುಂದೆ ಹಿಂದೆ ಮೈಯಿಂದ ಹೊರಚಾಚುವ, ಬಾಗಿಲು ತೆಗೆದೊಡನೆ ಕಾಣುವ ಗಟ್ಟಿ ಕಿವಿಗಳನ್ನು ಚಾಸಿಗೆ ಬೆಸೆಸಿ, ಪಟ್ಟಿಯನ್ನು ನೇರವಾಗಿ ಎಳೆಯಿರಿ. ನೆಲಕ್ಕೆ ಬಣ್ಣ ಹಚ್ಚಿಯೋ ನೆಲ ಒದ್ದೆಯಾಗಿಯೋ ಟೈರಿನ ಹಿಡಿತ ತಪ್ಪುವಂತಿದ್ದರೆ ಹಿಂದಿನ ಎರಡನ್ನು ಕತ್ತರಿಯಾಗಿ ಕಟ್ಟಿ, ನನ್ನ ಆಕ್ಷೇಪವಿಲ್ಲ.